ಕೋಲಾರದ ಚಿನ್ನದ ಗಣಿಗಳೂ ಬೆಂಗಳೂರಿನ ಋಣವೂ

ಬೆಂಗಳೂರಿನ ಪಡುವಣ ಬಡಾವಣೆಗಳಾದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿಯೂ ಅವುಗಳಾಚೆಯ ಕೆಂಗೇರಿಯಲ್ಲಿಯೂ ವಾಸಮಾಡುವ ಗೃಹಸ್ಥರಿಗೆ ಗಣಿಯೆಂಬುದು ಬಹುದೂರದ ಸಂಗತಿಯೆಂದು ತೋರುವುದು ಸಹಜ. ಆದರೆ ಮನೆಯ ಅಡಿಪಾಯಕ್ಕೆ ಹಾಕಿದ ಸೈಜುಗಲ್ಲು, ತಾರಸಿಗೆ ಸುರಿದ ಜಲ್ಲಿ, ಅದರೊಳಗಣ ಕಬ್ಬಿಣದ ಸರಳು, ಗೋಡೆಯೊಳಗೆ ಹಾಯಿಸಿದ ತಾಮ್ರದ ತಂತಿ, ಮಗಳ ಮದುವೆಗೆಂದು ತೆಗೆದಿರಿಸಿದ ಒಡವೆ, ಇವುಗಳಲ್ಲಿ ಯಾವುದೊಂದೂ ನೆಲವನ್ನು ಅಗೆಯದೆ ದೊರೆತುದಲ್ಲ. ಊರು ಬೆಳೆಯುವುದು ಒಂದೆಡೆ. ಅದಕ್ಕಾಗಿ ನೆಲ ಬರಿದಾಗುವುದು ಮತ್ತೊಂದೆಡೆ. ಈ ಎರಡು ಎಡೆಗಳಿಗಿರುವ ಸಂಬಂಧವೆಂತಹುದು, ಅದರಲ್ಲಿ ಯಾರು ಯಾರಿಗೆ ಋಣಿಗಳು ಎಂಬ ಪ್ರಶ್ನೆಗೆ ಕೋಲಾರದ ಚಿನ್ನದ ಗಣಿಗಳ ಚರಿತ್ರೆಯಷ್ಟು ಸ್ಪಷ್ಟವಾಗಿ ಉತ್ತರ ಹೇಳುವ ಚರಿತ್ರೆ ಕರ್ಣಾಟಕದಲ್ಲಿ ಮತ್ತೊಂದಿಲ್ಲ.

ಆ ಸೀಮೆಯಲ್ಲಿ ಚಿನ್ನವಿರುವುದನ್ನು ಪರದೇಶದವರು ಬಂದು ಕಂಡುಹಿಡಿದರೆಂಬ ಮಾತು ಅಷ್ಟು ಸರಿಯಾದುದಲ್ಲ. 1802ರಲ್ಲಿ ಮೈಸೂರು ಸಂಸ್ಥಾನದ ಮೂಡಣ ಗಡಿಯನ್ನು ಅಳೆಯಲು ನಿಯಮಿತನಾಗಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬಾತನು ಅಲ್ಲಿಗೆ ಬಂದಾಗ, ಹಳ್ಳಿಯ ಜನರೇ ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸಿ ಅವನಿಗೆ ತೋರಿಸಿದರು. ಮಾರಿಕುಪ್ಪದ ಬಳಿಯಲ್ಲಿ ಬಾವಿಯಂತಹ ಕುಣಿಗಳಿಗೆ ಇಳಿದು ಅದಿರನ್ನು ಮೇಲಕ್ಕೆ ತರುತ್ತಿದ್ದವರನ್ನೂ ಆತನು ಕಂಡನು. ವಿದ್ಯೆಯು ಆ ಬಡಜನರದು. ಬರೆದಿಟ್ಟ ಹೆಸರು ಮಾತ್ರ ವಾರನನದು. ಆ ಬರಹವನ್ನು ಓದಿ ಆಸೆಗೊಂಡವರಲ್ಲಿ ಮೈಕೇಲ್ ಲವೆಲ್ ಎಂಬಾತನು ಮುಖ್ಯನಾದವನು. ಈತನು ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆಮಾಡಿ ಬೆಂಗಳೂರಿನ ದಂಡಿನಲ್ಲಿ ಬಂದು ನೆಲಸಿದ ಐರ್ಲೆಂಡಿನ ಸಿಪಾಯಿ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ ಗಣಿ ಅಗೆಯುವ ಹಕ್ಕನ್ನು ಪಡೆದನು. ಆದರೆ ನೆಲದೊಳಕ್ಕೆ ಇಳಿಯುವುದಕ್ಕೆ ಬೇಕಾದಷ್ಟು ಹಣ ಅವನಲ್ಲಿರಲಿಲ್ಲವಾದ್ದರಿಂದ ಆ ಹಕ್ಕು ಕೆಲವೇ ವರ್ಷಗಳಲ್ಲಿ ಬೇರೆಯವರ ಕೈಸೇರಿತು. ಬೆಂಗಳೂರಿನ ಒಂದು ರಸ್ತೆಗೆ ಇಂದಿಗೂ ಅವನ ಹೆಸರಿದೆ. ಚಿನ್ನವನ್ನು ತೊಳೆದು ತೋರಿಸಿದ ಹಳ್ಳಿಗರ ಹೆಸರಿನಲ್ಲಿ ಒಂದು ಓಣಿಯೂ ಇಲ್ಲ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳು ಎಂಬ ಸಂಸ್ಥೆಯವರು ಕಾರ್ಯಕ್ಕೆ ಕೈಯಿಟ್ಟರು. ಮೊದಮೊದಲು ಹಲವು ಕಂಪೆನಿಗಳ ಬಂಡವಾಳವು ಮಣ್ಣುಪಾಲಾಯಿತು. ತರುವಾಯ ಮೈಸೂರು ಗಣಿಯಲ್ಲಿ, ಚಾಂಪಿಯನ್ ಎಂದು ಹೆಸರಾದ ಬೆಣಚುಕಲ್ಲಿನ ಪಟ್ಟೆಯು ಸಿಕ್ಕಿ ಭಾಗ್ಯದ ಬಾಗಿಲು ತೆರೆಯಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಅನುಭವಶಾಲಿಗಳಾದ ಗಣಿಗಾರರು ಬಂದರು. ಉತ್ತರ ಆರ್ಕಾಡು, ಚಿತ್ತೂರು ಮುಂತಾದ ಸೀಮೆಗಳಿಂದ ಭೂಮಿಕಾಣಿಯಿಲ್ಲದ, ಊರಿನ ಬಾವಿಗೂ ಗುಡಿಗೂ ಸೇರಿಸದಿದ್ದ ಜನರು ಸಾವಿರಗಟ್ಟಲೆಯಾಗಿ ಬಂದು ಕೂಲಿಯ ಸಾಲುಮನೆಗಳಲ್ಲಿ ನೆಲಸಿದರು. ಬರಗಾಲಕ್ಕೂ ಜಮೀನ್ದಾರನಿಗೂ ಹೆದರಿ ಬಂದ ಅವರಿಗೆ ಗಣಿಯ ಕೂಲಿಯು ಒಂದು ಬಗೆಯ ಬಿಡುಗಡೆಯಾಗಿತ್ತೆಂಬುದನ್ನು ಮರೆಯಲಾಗದು. ಆದರೆ ಆ ಬಿಡುಗಡೆಗೂ ಎಲ್ಲೆಯಿದ್ದಿತು. 1930ರಲ್ಲಿ ಕೂಲಿಗಾರರು ಬೆರಳಚ್ಚು ಕೊಡಬೇಕೆಂಬ ಕಟ್ಟಳೆ ಹೊರಟಾಗ, ತಮ್ಮನ್ನು ಅಪರಾಧಿಗಳಂತೆ ಕಾಣುವರೆಂದು ನೊಂದು ಅವರು ಕೆಲಸ ನಿಲ್ಲಿಸಿಬಿಟ್ಟರು. ಕೂಲಿಯ ಜೊತೆಗೆ ಮರ್ಯಾದೆಯೂ ತಮಗೆ ಸಲ್ಲತಕ್ಕುದೆಂದು ಗಣಿಯ ಜನ ಕೇಳಿದ ಪ್ರಸಂಗವಿದು.

ಇನ್ನು ಬೆಂಗಳೂರಿನ ಮಾತಿಗೆ ಬರೋಣ. ಆಳಕ್ಕೆ ಹೋದಷ್ಟೂ ನೀರು ಎತ್ತುವುದಕ್ಕೂ ಅದಿರು ಸೇದುವುದಕ್ಕೂ ಗಾಳಿ ಊದುವುದಕ್ಕೂ ಹೆಚ್ಚು ಶಕ್ತಿ ಬೇಕಾಗುತ್ತದೆ. ಸೌದೆ ಕಲ್ಲಿದ್ದಲುಗಳನ್ನು ಉರಿಸಿ ಉಗಿಯಂತ್ರಗಳನ್ನು ನಡೆಸುವುದು ಬಹಳ ದುಬಾರಿಯಾಗಿದ್ದಿತು. ಆದುದರಿಂದ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುವ ಬಲವನ್ನು ವಿದ್ಯುತ್ತಾಗಿ ಮಾರ್ಪಡಿಸಿ ಗಣಿಗಳಿಗೆ ಒದಗಿಸುವ ಯೋಜನೆಯು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹುಟ್ಟಿತು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನೇರ್ ಅದನ್ನು ಕಾರ್ಯಗತ ಮಾಡಿದರು. ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು. 1902ರ ಜೂನ್ ತಿಂಗಳ ಕೊನೆಯಲ್ಲಿ ವಿದ್ಯುತ್ತು 92 ಮೈಲಿ ದೂರ ಹರಿದು ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ದೀರ್ಘವಾದ ತಂತಿಮಾರ್ಗಗಳಲ್ಲಿ ಅದು ಒಂದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿಕೊಂಡುದು 1905ರ ಆಗಸ್ಟಿನಲ್ಲಿ, ಎಂದರೆ ಮೂರು ವರ್ಷಗಳ ಮೇಲೆ. ಗಣಿಯೆಂಬ ದೊಡ್ಡ ಗಿರಾಕಿ ಮೊದಲು ಇಲ್ಲದೇ ಹೋಗಿದ್ದರೆ ಅಷ್ಟು ದುಡ್ಡನ್ನು ಆ ಜಲಪಾತದ ಮೇಲೆ ಹೂಡುವ ಧೈರ್ಯ ಸಂಸ್ಥಾನಕ್ಕೆ ಆಗ ಬರುತ್ತಿತ್ತೆಂದು ಹೇಳುವುದು ಕಷ್ಟ. ಗಣಿಗಳಿಂದ ಬಂದ ರಾಜಧನವೂ ಬೊಕ್ಕಸಕ್ಕೆ ಆಧಾರವಾಯಿತು. ನಗರದ ಬೆಳಕು ಗಣಿಯ ಕತ್ತಲೆಗೆ ಹೀಗೆ ಋಣಿ.

ಆ ಕತ್ತಲೆಯೊಳಗೆ ಏನು ನಡೆಯುತ್ತಿತ್ತೆಂಬುದನ್ನೂ ವಾಚಕರು ತಿಳಿಯಬೇಕು. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ 10,000 ಅಡಿಗಳನ್ನು ಮೀರಿ ಇಳಿದು ಲೋಕದ ಅತ್ಯಂತ ಆಳವಾದ ಗಣಿಗಳ ಪಂಕ್ತಿಗೆ ಸೇರಿತು. ಅಲ್ಲಿ ಬಂಡೆಯ ಮೈಶಾಖವೇ 60 ಡಿಗ್ರಿಗೂ ಮೇಲೆ. ಅಗೆದು ಟೊಳ್ಳುಮಾಡಿದ ಕಡೆಗಳಲ್ಲಿ ಮೇಲಣ ನೆಲದ ಭಾರವನ್ನು ತಾಳಲಾರದೆ ಬಂಡೆಯು ಒಮ್ಮೆಗೇ ಸಿಡಿಯುತ್ತಿತ್ತು. ಮೇಲಿನ ಊರಿನ ಮನೆಗಳಲ್ಲಿ ಪಾತ್ರೆಗಳು ಅಲುಗಿದಾಗ ಒಳಕ್ಕೆ ಹೋದವರ ಹೆಂಡಿರು ಮಕ್ಕಳು ಗಣಿಬಾಯಿಗೆ ಓಡುತ್ತಿದ್ದರು. ಸಿಡಿತಕ್ಕಿಂತ ನಿಧಾನವಾದ, ಆದರೆ ಹೆಚ್ಚು ಜನರನ್ನು ತಿಂದ ಶತ್ರುವೆಂದರೆ ಕಲ್ಲಿನ ದೂಳು. ಬೆಣಚುಕಲ್ಲಿಗೆ ತೂತು ಹೊಡೆವಾಗ ಏಳುವ ನುಣುಪಾದ ದೂಳು ಶ್ವಾಸಕೋಶದಲ್ಲಿ ನೆಲೆಯೂರಿ ಉಸಿರನ್ನು ಕ್ರಮಕ್ರಮವಾಗಿ ಕಟ್ಟಿಬಿಡುವುದು. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. 1940ರಿಂದ 1946ರವರೆಗೆ ಏಳೂವರೆ ಸಾವಿರಕ್ಕೂ ಮಿಕ್ಕ ಕೆಲಸಗಾರರನ್ನು ಪರೀಕ್ಷಿಸಿದಾಗ ಅವರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂದಿತು. ಪ್ರತಿಯೊಂದು ಒಡವೆಯ ತೂಕದಲ್ಲಿ ಅಷ್ಟು ಉಸಿರೂ ಸೇರಿದೆಯೆಂದರೆ ಅದು ಅತಿಶಯೋಕ್ತಿಯಲ್ಲ.

ಮೊದಲ ದಿನಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಮಿಗೂ ಹೆಚ್ಚು ಚಿನ್ನ ದೊರೆಯುತ್ತಿದ್ದುದು ಕಡೆಗಾಲದಲ್ಲಿ ಮೂರು ನಾಲ್ಕು ಗ್ರಾಮಿಗೆ ಇಳಿಯಿತು. ಸಿರಿಯ ಕಾಲದಲ್ಲೆಲ್ಲ ಲಾಭಾಂಶವು ಲಂಡನ್ನಿಗೆ ಹೋಯಿತು. ಅದಿರು ಬಡವಾಗತೊಡಗಿದ ಮೇಲೆ, 1956ರಲ್ಲಿ, ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದುವು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯ ಅಧೀನವಾದುವು. ಈ ನಡುವೆ ಗಣಿಯ ಆಳವು ವಿಜ್ಞಾನಕ್ಕೂ ನೆರವಾಯಿತು. 1965ರಲ್ಲಿ ಚಾಂಪಿಯನ್ ರೀಫಿನ ಗರ್ಭದಲ್ಲಿ, ಆಕಾಶದ ಕಿರಣಗಳಿಂದ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮಕಣದ ಗುರುತು ಸಿಕ್ಕಿತು. ಆದರೆ ನಷ್ಟದ ಲೆಕ್ಕ ಮಾತ್ರ ಬೆಳೆಯುತ್ತಲೇ ಹೋಯಿತು. 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಲಾಯಿತು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಹೊರಟು ಹೋಗಿದ್ದಿತು. ಉಳಿದುದು ಮೂರು ಕೋಟಿ ಟನ್ನಿಗೂ ಮೀರಿದ ಅರೆದ ಕಲ್ಲಿನ ದಿಬ್ಬಗಳು, ನೀರು ತುಂಬಿದ ಸುರಂಗಗಳು, ಕೆಲಸವಿಲ್ಲದ ಊರು. ಗಾಳಿ ಎದ್ದಾಗ ಆ ಸೈನೈಡ್ ದಿಬ್ಬಗಳ ದೂಳು ಸಾಲುಮನೆಗಳ ಒಲೆಯವರೆಗೂ ಬರುವುದು. ಗಣಿ ಮುಚ್ಚಿದ ಮೇಲೆ ಆ ಊರಿನ ತರುಣರು ಸಾವಿರಾರು ಮಂದಿ ನಸುಕಿನಲ್ಲೆದ್ದು ರೈಲು ಹತ್ತಿ ಬೆಂಗಳೂರಿಗೆ ಬಂದು, ದುಡಿದು, ರಾತ್ರಿ ಹಿಂದಿರುಗುವುದು ವಾಡಿಕೆಯಾಯಿತು. ಒಂದು ಕಾಲದಲ್ಲಿ ಬೆಂಗಳೂರಿಗೆ ಮುಂಚೆ ದೀಪ ಕಂಡ ಊರು, ಅನ್ನಕ್ಕಾಗಿ ಬೆಂಗಳೂರಿನ ಮುಖ ನೋಡಬೇಕಾಯಿತು.

ಈ ಗತಿಗೆ ಕಾರಣವು ಚಿನ್ನ ಮುಗಿದುದೊಂದೇ ಎಂದರೆ ವಿಚಾರವು ಪೂರ್ಣವಾಗದು. ಹೊಲವು ವರ್ಷವರ್ಷವೂ ಬೆಳೆ ಕೊಡಬಲ್ಲುದು. ಗಣಿಗೆ ಬೆಳೆಯೊಂದೇ, ಕೊಯ್ಲೂ ಒಂದೇ. ತೆರೆದ ದಿನವೇ ಅದರ ಮುಚ್ಚುವ ದಿನವೂ ನಿಶ್ಚಯವಾಗಿರುತ್ತದೆ. ತಿಥಿ ಮಾತ್ರ ತಿಳಿದಿರುವುದಿಲ್ಲ. ಹೀಗಿದ್ದೂ 120 ವರ್ಷಗಳಲ್ಲಿ ಆ ದಿನಕ್ಕೆಂದು ತಕ್ಕಷ್ಟು ಹಣವನ್ನು ಯಾರೂ ತೆಗೆದಿಡಲಿಲ್ಲ. ಲಾಭವಿದ್ದಾಗ ಲಂಡನ್ನಿನವರು ಇಡಲಿಲ್ಲ. ರಾಜಧನ ಪಡೆದ ಸರ್ಕಾರ ಇಡಲಿಲ್ಲ. ನಷ್ಟದ ಕಾಲದಲ್ಲಿ ಇಡುವುದಕ್ಕೆ ಏನೂ ಉಳಿದಿರಲಿಲ್ಲ. ಗಣಿ ತೆರೆಯುವವರು ಅದನ್ನು ಮುಚ್ಚುವ ಕ್ರಮವನ್ನೂ ಮೊದಲೇ ಬರೆದುಕೊಟ್ಟು ಅದಕ್ಕೆ ಹಣದ ಹೊಣೆಯನ್ನೂ ಒಪ್ಪಿಸಬೇಕೆಂಬ ನಿಯಮವು ಭಾರತದಲ್ಲಿ ಬಂದುದು 2003ರಲ್ಲಿ, ಕೋಲಾರದ ಗಣಿ ಮುಚ್ಚಿ ಎರಡು ವರ್ಷಗಳಾದ ಮೇಲೆ.

ತರುವಾಯದ ಚರಿತ್ರೆಯು ಈ ಪಾಠವನ್ನು ಮತ್ತೆ ಮತ್ತೆ ಒಪ್ಪಿಸುತ್ತದೆ. ಪಶ್ಚಿಮಘಟ್ಟದ ಮಳೆಕಾಡಿನ ನಡುವೆ 1976ರಲ್ಲಿ ಸ್ಥಾಪಿತವಾದ ಕುದುರೆಮುಖದ ಕಬ್ಬಿಣದ ಅದಿರಿನ ಕಂಪೆನಿಯು ಭದ್ರಾ ನದಿಯ ಮೂಲಸೀಮೆಯನ್ನು ಅಗೆಯಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ 2005ರ ಕೊನೆಗೆ ಅಲ್ಲಿ ಗಣಿಕೆಲಸ ನಿಂತಿತು. ಬಳ್ಳಾರಿಯಲ್ಲಿ ಗಡಿಗಲ್ಲು, ಕಾಡು, ಕಾನೂನು ಮೂರನ್ನೂ ಮೀರಿ ಅಗೆದುದರ ವೃತ್ತಾಂತವು 2011ರಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿಯಿಂದ ಹೊರಬಿದ್ದಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಆ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. 2013ರ ತೀರ್ಪಿನ ಮೇಲೆ, ಕೆಡಿಸಿದ ನೆಲವನ್ನು ಸರಿಪಡಿಸುವ ಹೊಣೆಯೊಡನೆ, ಅಗೆಯುವ ಪ್ರಮಾಣಕ್ಕೂ ಮಿತಿಯನ್ನು ಕಟ್ಟಿ, ತಪ್ಪು ಕಡಿಮೆಯಾದವರಿಗೆ ಮಾತ್ರ ಕೆಲಸಕ್ಕೆ ಅಪ್ಪಣೆಯಾಯಿತು. 2015ರಲ್ಲಿ ಗಣಿಯ ಕಾನೂನಿಗೆ ತಿದ್ದುಪಡಿಯಾಗಿ, ರಾಜಧನದ ಜೊತೆಗೆ ಒಂದು ಪಾಲನ್ನು ಗಣಿಯಿರುವ ಜಿಲ್ಲೆಯ ನಿಧಿಗೇ ಕೊಡಬೇಕೆಂದು ಗೊತ್ತಾಯಿತು. ಅಗೆದ ಊರಿಗೆ ಅಗೆದುದರಲ್ಲಿ ಪಾಲುಂಟೆಂಬ ತತ್ತ್ವವು ಹೀಗೆ ತಡವಾಗಿಯಾದರೂ ಶಾಸನವಾಯಿತು. ಇನ್ನು ಆ ನಿಧಿಯು ಕಾಗದದ ಮೇಲಿನ ಕಟ್ಟಡಗಳಿಗೆ ಹೋಗುವುದೋ, ದೂಳು ಕುಡಿದವರ ಔಷಧಿಗೂ ಅವರ ಮಕ್ಕಳ ವಿದ್ಯೆಗೂ ಹೋಗುವುದೋ ಎಂಬುದನ್ನು ಜನರ ಎಚ್ಚರವೇ ನಿರ್ಧರಿಸಬೇಕು.

ಗಣಿಯುದ್ಯೋಗವೇ ಬೇಡವೆಂಬುದು ಇದರ ತಾತ್ಪರ್ಯವಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪುರಾತನರು ಅಗೆದ ಗಣಿಗಳ ಜಾಡಿನಲ್ಲೇ ಚಿನ್ನದ ಕೆಲಸ ಇಂದಿಗೂ ನಡೆಯುತ್ತಿದೆ. ಕೋಲಾರದ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಯೋಚನೆಗೂ 2024ರಲ್ಲಿ ರಾಜ್ಯದ ಸಚಿವ ಸಂಪುಟ ಸಮ್ಮತಿಯಿತ್ತಿತು. ಹದಿಮೂರು ದಿಬ್ಬಗಳು ಹರಡಿರುವ ನೆಲ ಸುಮಾರು ಸಾವಿರ ಎಕರೆ. ವಿದ್ಯುತ್ತು ಹೆಚ್ಚಿದಷ್ಟೂ ತಾಮ್ರ, ಕಬ್ಬಿಣ ಮುಂತಾದ ಲೋಹಗಳ ಬೇಡಿಕೆಯೂ ಹೆಚ್ಚುವುದು. ಆದುದರಿಂದ ಈ ವೃತ್ತಿಗೆ ತರುಣರು ಬರುವರು, ಬರಲೂ ಬೇಕು. ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ ಗಣಿಶಾಸ್ತ್ರದ ವ್ಯಾಸಂಗಕ್ಕೆ ಏರ್ಪಾಡಿದೆ. ಬಂಡೆಯ ಸಿಡಿತವನ್ನು ದಶಕಗಳ ಕಾಲ ಅಳೆದ ಕೋಲಾರದ ಅನುಭವದ ನೆಲದಲ್ಲಿಯೇ 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆಯು ಹುಟ್ಟಿತು. ನೆಲದೊಳಗಣ ಗಣಿಗಳಲ್ಲಿ ಕೆಲಸಮಾಡುವ ಅವಕಾಶವು 2019ರಿಂದ ಸ್ತ್ರೀಯರಿಗೂ ಉಂಟಾಗಿದೆ. ಆದರೆ ಅದಿರನ್ನು ಹುಡುಕುವ, ಬಂಡೆಯನ್ನು ಒಡೆಯುವ, ಯಂತ್ರವನ್ನು ನಡೆಸುವ ವಿದ್ಯೆಯಷ್ಟರಿಂದಲೇ ಗಣಿಯ ಎಂಜಿನಿಯರನ ಶಿಕ್ಷಣ ಮುಗಿಯಿತೆಂದು ತಿಳಿಯಬಾರದು. ದೂಳನ್ನು ಅಡಗಿಸುವುದು, ನೀರನ್ನು ಕಾಯುವುದು, ದಿಬ್ಬದ ಮೇಲೆ ಹಸುರು ಹಿಡಿಸುವುದು, ಗಣಿ ಮುಗಿದ ಮರುದಿನ ಊರು ಏನು ಮಾಡಬೇಕೆಂದು ಮೊದಲ ದಿನವೇ ಲೆಕ್ಕ ಹಾಕುವುದು, ಇವೂ ಆ ವಿದ್ಯೆಯ ಅಂಗಗಳೇ.

ಹೊಣೆಯು ಎಂಜಿನಿಯರನದೂ ಸರ್ಕಾರದ್ದೂ ಮಾತ್ರವೇ? ಕಲ್ಲನ್ನೂ ಕಬ್ಬಿಣವನ್ನೂ ಕೊಳ್ಳುವ ನಗರವಾಸಿಗೆ ಅದರಲ್ಲಿ ಪಾಲಿಲ್ಲವೇ? ಕೊಳ್ಳುವ ಬೆಲೆಯಲ್ಲಿ ನೆಲವನ್ನು ಸರಿಪಡಿಸುವ ವೆಚ್ಚವೂ ಸೇರಿ ತುಸು ಏರಿದರೆ ಗೊಣಗದೆ ತೆರುವುದು, ಅಗ್ಗದ ಕಲ್ಲು ಎಲ್ಲಿಯದೆಂದು ವಿಚಾರಿಸುವುದು, ರೈಲಿಳಿದು ಬರುವ ಗಣಿಯೂರಿನ ತರುಣನನ್ನು ಪರವೂರಿನ ಕೂಲಿಯಂತೆ ಕಾಣದೆ ಹಳೆಯ ಋಣದ ಹಕ್ಕುದಾರನಂತೆ ಕಾಣುವುದು, ಇಷ್ಟು ಮಾಡುವುದು ಯಾವ ಗೃಹಸ್ಥನ ಶಕ್ತಿಗೂ ಮೀರಿದುದಲ್ಲ. ಸಾಲ ಮಾಡಿದವನು ತೀರಿಸದೆ ಹೋದರೆ ಲೋಕ ನಿಂದಿಸುತ್ತದೆ. ಒಂದು ನಗರವು ಶತಮಾನಕ್ಕೂ ಹೆಚ್ಚು ಕಾಲ ಮಾಡಿದ ಸಾಲಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಕೋಲಾರದ ಬಯಲಿನಲ್ಲಿ ನಿಂತಿರುವ ದಿಬ್ಬಗಳೇ ಅದರ ಲೆಕ್ಕ.