ಮಿಜ್ ಪ್ಯಾಕ್‌ಮ್ಯಾನ್

ಮಿಜ್ ಪ್ಯಾಕ್‌ಮ್ಯಾನ್ ಎಂಬುದು 1982ರ ಆರಂಭದಲ್ಲಿ ಅಮೆರಿಕದ ಮಿಡ್‌ವೇ ಸಂಸ್ಥೆಯು ಬಿಡುಗಡೆ ಮಾಡಿದ, ನಾಣ್ಯ ಹಾಕಿ ಆಡುವ ಆರ್ಕೇಡ್ ವಿಡಿಯೊ ಆಟ. ಜಪಾನಿನ ನಾಮ್ಕೊ ಸಂಸ್ಥೆಯ ಪ್ಯಾಕ್‌ಮ್ಯಾನ್ (1980) ಆಟದ ಮುಂದಿನ ಭಾಗವೆಂದು ಇದು ಪ್ರಸಿದ್ಧವಾಗಿದ್ದರೂ, ಇದನ್ನು ರೂಪಿಸಿದವರು ನಾಮ್ಕೊದವರೂ ಅಲ್ಲ, ಮಿಡ್‌ವೇಯವರೂ ಅಲ್ಲ. ಓದನ್ನು ಅರ್ಧಕ್ಕೆ ಬಿಟ್ಟ ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೂಲ ತಯಾರಕರ ಅನುಮತಿಯಿಲ್ಲದೆ ಆರಂಭಿಸಿದ 'ಕ್ರೇಜಿ ಒಟ್ಟೊ' ಎಂಬ ಮಾರ್ಪಾಡೇ ಈ ಆಟದ ಮೂಲರೂಪ. ಒಂದು ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾಗಿ, ಅಮೆರಿಕದ ಅತ್ಯಂತ ಯಶಸ್ವಿ ಆರ್ಕೇಡ್ ಆಟಗಳಲ್ಲಿ ಇದು ಒಂದಾಯಿತು.

ಹಿನ್ನೆಲೆ

ಟೊರು ಇವಾಟಾನಿ ಅವರು ವಿನ್ಯಾಸಗೊಳಿಸಿದ ಪ್ಯಾಕ್‌ಮ್ಯಾನ್ ಆಟದಲ್ಲಿ, ಬಾಯಿ ತೆರೆದ ಹಳದಿ ವೃತ್ತದಂತಹ ಪಾತ್ರವನ್ನು ಗೋಡೆಗಳ ನಡುವಿನ ಇಕ್ಕಟ್ಟಾದ ಹಾದಿಗಳಲ್ಲಿ ನಡೆಸಿ, ಎಲ್ಲ ಚುಕ್ಕೆಗಳನ್ನೂ ತಿನ್ನಿಸಬೇಕು. ನಾಲ್ಕು ಭೂತಗಳು ಅದನ್ನು ಬೆನ್ನಟ್ಟುತ್ತವೆ. ಈ ಆಟವನ್ನು ಅಮೆರಿಕದಲ್ಲಿ ತಯಾರಿಸಿ ಮಾರುವ ಪರವಾನಗಿಯನ್ನು ಮಿಡ್‌ವೇ ಪಡೆದಿತ್ತು.

ಮೂಲ ಆಟದಲ್ಲಿ ಒಂದು ದೌರ್ಬಲ್ಯವಿತ್ತು. ಆಟಗಾರನು ಒಂದೇ ರೀತಿಯಲ್ಲಿ ಆಡಿದರೆ ಭೂತಗಳೂ ಪ್ರತಿ ಬಾರಿ ಒಂದೇ ರೀತಿಯಲ್ಲಿ ಚಲಿಸುತ್ತಿದ್ದವು. ಆದುದರಿಂದ ಸುರಕ್ಷಿತ ಮಾರ್ಗಗಳನ್ನು ಬಾಯಿಪಾಠ ಮಾಡಿಕೊಂಡವರು ಒಂದೇ ನಾಣ್ಯದಲ್ಲಿ ಬಹಳ ಹೊತ್ತು ಆಡಬಲ್ಲವರಾದರು. ಇದರಿಂದ ಯಂತ್ರದ ಮಾಲೀಕರಿಗೆ ವರಮಾನ ಇಳಿಯುತ್ತಿತ್ತು. ಹೊಸ ಯಂತ್ರ ಕೊಳ್ಳುವುದು ದುಬಾರಿಯಾಗಿತ್ತು. ಹಳೆಯ ಯಂತ್ರಕ್ಕೇ ಒಂದು ಸಣ್ಣ ಫಲಕವನ್ನು ಜೋಡಿಸಿ ಆಟವನ್ನು ಹೊಸದಾಗಿಸುವ 'ಸುಧಾರಣಾ ಕಿಟ್'ಗಳಿಗೆ ಬೇಡಿಕೆ ಹುಟ್ಟಿದ್ದು ಈ ಕಾರಣದಿಂದ.

ಜನರಲ್ ಕಂಪ್ಯೂಟರ್ ಕಾರ್ಪೊರೇಷನ್

ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂ.ಐ.ಟಿ.) ವಿದ್ಯಾರ್ಥಿಗಳಾಗಿದ್ದ ಡಗ್ ಮ್ಯಾಕ್ರೇ ಮತ್ತು ಕೆವಿನ್ ಕರನ್ ವಿದ್ಯಾರ್ಥಿನಿಲಯಗಳಲ್ಲಿ ಆಟದ ಯಂತ್ರಗಳನ್ನು ಇರಿಸಿ ನಡೆಸುತ್ತಿದ್ದರು. ಅವರ ಬಳಿಯಿದ್ದ ಅಟಾರಿ ಸಂಸ್ಥೆಯ 'ಮಿಸೈಲ್ ಕಮಾಂಡ್' ಯಂತ್ರಗಳ ಆದಾಯ ಕುಸಿದಾಗ, 1981ರಲ್ಲಿ ಅದಕ್ಕೆ 'ಸೂಪರ್ ಮಿಸೈಲ್ ಅಟ್ಯಾಕ್' ಎಂಬ ಸುಧಾರಣಾ ಕಿಟ್ಟನ್ನು ತಯಾರಿಸಿ, ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಹೆಸರಿನಲ್ಲಿ 295 ಡಾಲರ್ ಬೆಲೆಗೆ ಮಾರಿದರು. ಅದರ ಲಾಭದಿಂದ ಪ್ಯಾಕ್‌ಮ್ಯಾನ್ ಕಿಟ್ಟಿನ ಕೆಲಸವೂ ಆರಂಭವಾಯಿತು. ಸ್ಟೀವ್ ಗೋಲ್ಸನ್, ಮೈಕ್ ಹೊರೊವಿಟ್ಜ್ ಮುಂತಾದವರು ಈ ತಂಡದಲ್ಲಿದ್ದರು.

ಮೊಕದ್ದಮೆ ಮತ್ತು ಒಪ್ಪಂದ

ಅದೇ ವರ್ಷ ಅಟಾರಿಯು ಈ ಯುವಕರ ಮೇಲೆ 1.5 ಕೋಟಿ ಡಾಲರ್ ಪರಿಹಾರ ಕೋರಿ ಮೊಕದ್ದಮೆ ಹೂಡಿತು. ಆದರೆ ಅವರು ಅಟಾರಿಯ ತಂತ್ರಾಂಶವನ್ನು ನಕಲು ಮಾಡಿ ಮಾರಿರಲಿಲ್ಲ. ಮಾಲೀಕನು ಹಣ ಕೊಟ್ಟು ಕೊಂಡಿದ್ದ ಯಂತ್ರಕ್ಕೆ ಜೋಡಿಸುವ ಫಲಕವನ್ನಷ್ಟೇ ಮಾರಿದ್ದರು. ಪ್ರಕರಣವು ಸುಲಭವಾಗಿ ಗೆಲ್ಲುವಂತಹುದಾಗಿರಲಿಲ್ಲ. ಯುವಕರ ಸಾಮರ್ಥ್ಯವೂ ಅಟಾರಿಯ ಗಮನಕ್ಕೆ ಬಂದಿತ್ತು. ಅಕ್ಟೋಬರ್‌ನಲ್ಲಿ ಪ್ರಕರಣವು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ತಿಂಗಳಿಗೆ 50,000 ಡಾಲರ್‌ನಂತೆ ಎರಡು ವರ್ಷಗಳ ಕಾಲ ಅಟಾರಿಗಾಗಿ ಆಟಗಳನ್ನು ರಚಿಸಿಕೊಡುವ ಕೆಲಸ ಯುವಕರಿಗೆ ದೊರೆಯಿತು. ಮೂಲ ತಯಾರಕರ ಒಪ್ಪಿಗೆಯಿಲ್ಲದೆ ಇನ್ನು ಮುಂದೆ ಸುಧಾರಣಾ ಕಿಟ್ ಮಾರುವುದಿಲ್ಲವೆಂದು ಅವರು ಒಪ್ಪಿಕೊಂಡರು.

ಈ ಷರತ್ತೇ ಮಿಜ್ ಪ್ಯಾಕ್‌ಮ್ಯಾನ್ ಆಟದ ಹುಟ್ಟಿಗೆ ಕಾರಣವಾಯಿತು. ಬಹುಮಟ್ಟಿಗೆ ಸಿದ್ಧವಾಗಿದ್ದ ಪ್ಯಾಕ್‌ಮ್ಯಾನ್ ಕಿಟ್ಟನ್ನು ವ್ಯರ್ಥಗೊಳಿಸದೆ, ಅದಕ್ಕೆ ಒಪ್ಪಿಗೆ ಕೋರಿ ಅವರು ನೇರವಾಗಿ ಮಿಡ್‌ವೇಯನ್ನು ಸಂಪರ್ಕಿಸಿದರು. ಪ್ಯಾಕ್‌ಮ್ಯಾನ್ ಆಟದ ಮುಂದಿನ ಭಾಗಕ್ಕಾಗಿ ಕಾಯುತ್ತಿದ್ದ ಮಿಡ್‌ವೇ ಅದನ್ನು ಕಿಟ್ಟಾಗಿ ಅಲ್ಲ, ಸ್ವತಂತ್ರ ಆಟವಾಗಿಯೇ ತಯಾರಿಸಲು ನಿರ್ಧರಿಸಿತು.

ಹೆಸರು ಮತ್ತು ಪಾತ್ರ

ಕ್ರೇಜಿ ಒಟ್ಟೊ ಕಾಲುಗಳುಳ್ಳ ಪಾತ್ರವಾಗಿತ್ತು. ಆಟದ ನಡುವಣ ಕಿರುದೃಶ್ಯಗಳಲ್ಲಿ ಒಟ್ಟೊ ಒಬ್ಬ ಗೆಳತಿಯನ್ನು ಭೇಟಿಯಾಗುವ ಕಥೆ ಇದ್ದುದರಿಂದ, ಸ್ತ್ರೀಪಾತ್ರವನ್ನೇ ನಾಯಕಿಯಾಗಿಸುವ ಆಲೋಚನೆ ಮೂಡಿತು. ಮೊದಲ ಚಿತ್ರಗಳಲ್ಲಿ ನಾಯಕಿಗೆ ಉದ್ದ ಕೂದಲಿತ್ತು; ನಾಮ್ಕೊ ಅಧ್ಯಕ್ಷ ಮಸಾಯಾ ನಕಾಮುರಾ ಅವರ ಸಲಹೆಯಂತೆ ಅದನ್ನು ಕೈಬಿಟ್ಟು, ಕೆಂಪು ರಿಬ್ಬನ್ನಿನ ಗಂಟು ಮತ್ತು ತುಟಿಯ ಬಣ್ಣವನ್ನು ಉಳಿಸಿಕೊಳ್ಳಲಾಯಿತು.

ಹೆಸರೂ ಹಲವು ಬಾರಿ ಬದಲಾಯಿತು. ಪರಿಶೀಲಿಸಿದ ಹೆಸರುಗಳಲ್ಲಿ 'ಮಿಸ್ ಪ್ಯಾಕ್‌ಮ್ಯಾನ್' ಒಂದಾಗಿತ್ತು. ಆದರೆ ಮೂರನೆಯ ಕಿರುದೃಶ್ಯದಲ್ಲಿ ಕೊಕ್ಕರೆಯೊಂದು ಮಗುವನ್ನು ತಂದುಕೊಡುತ್ತದೆ. ಅವಿವಾಹಿತೆಯನ್ನು ಸೂಚಿಸುವ 'ಮಿಸ್' ಇದಕ್ಕೆ ಹೊಂದುವುದಿಲ್ಲವೆಂಬ ಆಕ್ಷೇಪ ಬಂದಿತು. ವಿವಾಹಿತೆ ಅಥವಾ ಅವಿವಾಹಿತೆ ಎಂಬ ಭೇದವಿಲ್ಲದೆ ಎಲ್ಲ ಮಹಿಳೆಯರಿಗೂ ಬಳಸುವ 'ಮಿಜ್' ಎಂಬ ಗೌರವಸೂಚಕವು ಕೊನೆಗೆ ಆಯ್ಕೆಯಾಯಿತು.

ಮೂಲ ಆಟದಿಂದ ಭಿನ್ನತೆಗಳು

ಸೂತ್ರವು ಹಳೆಯದೇ: ಚುಕ್ಕೆಗಳನ್ನು ತಿನ್ನುವುದು, ಭೂತಗಳಿಂದ ತಪ್ಪಿಸಿಕೊಳ್ಳುವುದು, ದೊಡ್ಡ ಚುಕ್ಕೆಯನ್ನು ತಿಂದ ಮೇಲೆ ಸ್ವಲ್ಪ ಹೊತ್ತು ಭೂತಗಳನ್ನೇ ಬೆನ್ನಟ್ಟಿ ತಿನ್ನುವುದು. ಆಗ ಒಂದರ ನಂತರ ಒಂದರಂತೆ ತಿಂದ ಭೂತಗಳಿಗೆ ಕ್ರಮವಾಗಿ 200, 400, 800 ಮತ್ತು 1,600 ಅಂಕಗಳು ದೊರೆಯುತ್ತವೆ. ಮುಖ್ಯ ಬದಲಾವಣೆಗಳು ಇವು:

• ಹಾದಿಗಳು: ಮೂಲದಲ್ಲಿ ಒಂದೇ ವಿನ್ಯಾಸವಿತ್ತು, ಇಲ್ಲಿ ನಾಲ್ಕು ವಿನ್ಯಾಸಗಳಿವೆ. ಅವುಗಳಲ್ಲಿ ಮೂರಕ್ಕೆ ಎರಡು ಜೊತೆ ಸುರಂಗಗಳಿವೆ.

• ಭೂತಗಳು: ಪ್ರತಿ ಹಂತದ ಆರಂಭದಲ್ಲಿ ಕೆಲವು ಭೂತಗಳು ಗೊತ್ತುಗುರಿಯಿಲ್ಲದೆ ತಿರುಗುತ್ತವೆ. ಆದಕಾರಣ ಮಾರ್ಗವನ್ನು ಬಾಯಿಪಾಠ ಮಾಡಿ ಗೆಲ್ಲಲಾಗದು.

• ಹಣ್ಣುಗಳು: ಮೂಲದಲ್ಲಿ ಒಂದೆಡೆ ನಿಂತಿರುತ್ತಿದ್ದ ಹಣ್ಣು ಇಲ್ಲಿ ಸುರಂಗದಿಂದ ಒಳಬಂದು, ಕುಪ್ಪಳಿಸುತ್ತ ಸಂಚರಿಸಿ ಹೊರಹೋಗುತ್ತದೆ. ಚೆರ್ರಿಗೆ 100 ಅಂಕಗಳು, ಬಾಳೆಹಣ್ಣಿಗೆ 5,000 ಅಂಕಗಳು.

• ಪಾತ್ರಗಳು: ಕಿತ್ತಳೆ ಬಣ್ಣದ ಭೂತ ಕ್ಲೈಡ್ ಬದಲಿಗೆ ಸೂ ಎಂಬ ಹೆಸರಿನ ಭೂತ ಬರುತ್ತದೆ.

ತಾಂತ್ರಿಕ ರಚನೆ

ಪ್ಯಾಕ್‌ಮ್ಯಾನ್ ಯಂತ್ರದ ಸಂಸ್ಕಾರಕ ಜ಼ೆಡ್80. ಅದನ್ನು ಅದರ ಕುಳಿಯಿಂದ ತೆಗೆದು, ಆ ಸ್ಥಳದಲ್ಲಿ ಹೊಸ ಫಲಕವನ್ನು ಕೂರಿಸಲಾಗುತ್ತಿತ್ತು. ಸಂಸ್ಕಾರಕವು ಹಳೆಯ ಕ್ರಮವಿಧಿಯನ್ನು ಓದುತ್ತ ಕೆಲವು ನಿರ್ದಿಷ್ಟ ವಿಳಾಸಗಳಿಗೆ ಬಂದಾಗ, ಫಲಕವು ಮೂಲ ಸೂಚನೆಗಳ ಬದಲಿಗೆ ತನ್ನ ಸೂಚನೆಗಳನ್ನು ಒದಗಿಸುತ್ತಿತ್ತು. ಇಂತಹ ತೇಪೆಗಳು ಒಟ್ಟು 40. ಪ್ರತಿಯೊಂದೂ 8 ಬೈಟ್‌ಗಳಷ್ಟು. ಚಿತ್ರಗಳನ್ನು ಒಳಗೊಂಡ ಚಿಪ್ಪುಗಳನ್ನು ಮಾತ್ರ ಬದಲಿಸಬೇಕಿತ್ತು. ಮೂಲ ಕ್ರಮವಿಧಿಯನ್ನು ನಕಲು ಮಾಡದೆ ಅದರ ಮೇಲೆಯೇ ಹೊಸ ಆಟವನ್ನು ಕಟ್ಟಿದ ಈ ವಿಧಾನಕ್ಕೆ ತಾಂತ್ರಿಕ ಮಹತ್ವದಷ್ಟೇ ಕಾನೂನಿನ ಮಹತ್ವವೂ ಇತ್ತು.

ಪ್ರಭಾವ

ಮುಂದೆ ಇದೇ ತಂಡವು 'ಫುಡ್ ಫೈಟ್' ಆಟವನ್ನೂ ಅಟಾರಿ 7800 ಎಂಬ ಮನೆಬಳಕೆಯ ಆಟದ ಯಂತ್ರವನ್ನೂ ರೂಪಿಸಿತು. ಭೂತಗಳ ಚಲನೆಯನ್ನು ಮುಂಗಾಣಲಾಗದ ಕಾರಣ ಮಿಜ್ ಪ್ಯಾಕ್‌ಮ್ಯಾನ್ ಕೃತಕ ಬುದ್ಧಿಮತ್ತೆಯ ಸಂಶೋಧಕರಿಗೂ ಉಪಯುಕ್ತ ಪರೀಕ್ಷಾಕಣವಾಯಿತು. 2017ರಲ್ಲಿ ಮೈಕ್ರೋಸಾಫ್ಟ್‌ನ ಮಲೂಬಾ ತಂಡದ ಕ್ರಮವಿಧಿಯು ಆಟದ ಅಟಾರಿ 2600 ಆವೃತ್ತಿಯಲ್ಲಿ ಸಾಧ್ಯವಿರುವ ಗರಿಷ್ಠ 9,99,990 ಅಂಕಗಳನ್ನು ಗಳಿಸಿತು. 2022ರಲ್ಲಿ ಆಟವನ್ನು ಅಮೆರಿಕದ ವಿಶ್ವ ವಿಡಿಯೊ ಆಟಗಳ ಕೀರ್ತಿಭವನಕ್ಕೆ ಸೇರಿಸಲಾಯಿತು.

ಒಡೆತನದ ಪ್ರಶ್ನೆ

ಪಾತ್ರವು ನಾಮ್ಕೊದ್ದು, ಆಟ ರೂಪಿಸಿದ ಶ್ರಮ ಬೇರೆಯವರದು. ಈ ಇಬ್ಬಂದಿ ಸಂಪೂರ್ಣವಾಗಿ ಬಗೆಹರಿಯಲಿಲ್ಲ. ರಚನಕಾರರಿಗೆ ಸಲ್ಲಬೇಕಾದ ರಾಯಲ್ಟಿಯ ಕುರಿತು ವಿವಾದಗಳು ಎದ್ದವು. ರಾಯಲ್ಟಿಯ ಹಕ್ಕುಗಳನ್ನು ಅಟ್‌ಗೇಮ್ಸ್ ಎಂಬ ಸಂಸ್ಥೆ ಕೊಳ್ಳಲು ಮುಂದಾದಾಗ, ನಾಮ್ಕೊ 2019ರಲ್ಲಿ ನ್ಯಾಯಾಲಯದ ಮೊರೆ ಹೋಯಿತು. 2022ರ 'ಪ್ಯಾಕ್‌ಮ್ಯಾನ್ ಮ್ಯೂಸಿಯಂ+' ಸಂಕಲನದಲ್ಲಿ ಮಿಜ್ ಪ್ಯಾಕ್‌ಮ್ಯಾನ್ ಇಲ್ಲ. ಅದೇ ವರ್ಷ ಮರುಬಿಡುಗಡೆಯಾದ ಹಳೆಯ ಆಟಗಳಲ್ಲಿ ನಾಯಕಿಯ ಸ್ಥಾನದಲ್ಲಿ 'ಪ್ಯಾಕ್‌ಮಾಮ್' ಎಂಬ ಬೇರೊಂದು ಪಾತ್ರವನ್ನು ಇರಿಸಲಾಯಿತು. ಹೀಗೆ, ಕೀರ್ತಿಭವನ ಸೇರಿದ ವರ್ಷದಲ್ಲಿಯೇ ಈ ನಾಯಕಿ ತನ್ನ ಸರಣಿಯಿಂದ ಮರೆಯಾದಳು.

ಅಭಿಮಾನಿಗಳು ಮಾಡುವ ಮಾರ್ಪಾಡುಗಳ ವಿಷಯದಲ್ಲಿ ಇದೇ ಪ್ರಶ್ನೆ ಭಾರತದಲ್ಲಿಯೂ ಏಳಬಹುದು. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯು ಗಣಕಯಂತ್ರದ ಕ್ರಮವಿಧಿಯನ್ನು ಸಾಹಿತ್ಯ ಕೃತಿಯ ವರ್ಗಕ್ಕೆ ಸೇರಿಸುತ್ತದೆ. ಸಾಹಿತ್ಯ ಕೃತಿಯನ್ನು ರೂಪಾಂತರಿಸುವ ಹಕ್ಕನ್ನು ಅದರ ಹಕ್ಕುದಾರರಿಗೆ ನೀಡುತ್ತದೆ. ಆದಕಾರಣ ಇತರರ ಆಟವನ್ನು ಮಾರ್ಪಡಿಸಿ ಪ್ರಕಟಿಸಬಯಸುವವರು ಮೊದಲು ಹಕ್ಕುದಾರರ ಅನುಮತಿ ಪಡೆಯುವುದು ಸೂಕ್ತ.