‘ನಾಯಕ್’ ಚಿತ್ರವೂ ಹರಿದುಹೋದ ಟಿಪ್ಪಣಿಗಳೂ

ಇತಿಹಾಸದ ಆಕರಗಳೆಂದೊಡನೆ ಶಾಸನ, ದಫ್ತರ, ಪತ್ರವ್ಯವಹಾರಗಳೇ ನೆನಪಿಗೆ ಬರುತ್ತವೆ. ಕಲ್ಪಿತ ಕಥೆಯುಳ್ಳ ಚಲಚ್ಚಿತ್ರವನ್ನು ಆ ಪಂಕ್ತಿಯಲ್ಲಿ ಕೂರಿಸಲು ವಿದ್ವಾಂಸರು ಹಿಂಜರಿಯುವುದು ಸಹಜವೇ. ಆದರೂ ಸತ್ಯಜಿತ್ ರಾಯ್ ಅವರು ತಾವೇ ಕಥೆ ರಚಿಸಿ ೧೯೬೬ರಲ್ಲಿ ತೆರೆಗೆ ತಂದ ಬಂಗಾಳಿ ಚಿತ್ರ ‘ನಾಯಕ್’ ಅನ್ನು, ನಟವೃತ್ತಿಯ ಚರಿತ್ರೆಯನ್ನು ಅಭ್ಯಾಸ ಮಾಡುವವರು ಉಪೇಕ್ಷಿಸಲಾಗದು.

ಜನಪ್ರಿಯ ನಟ ಅರಿಂದಮ್ ಮುಖರ್ಜಿ ಪ್ರಶಸ್ತಿ ಸ್ವೀಕರಿಸಲೆಂದು ಕಲ್ಕತ್ತೆಯಿಂದ ದೆಹಲಿಗೆ ರೈಲಿನಲ್ಲಿ ಹೊರಟಿದ್ದಾನೆ. ಅವನು ಹೊಡೆದಾಡಿದ ಸುದ್ದಿ ಪತ್ರಿಕೆಯಲ್ಲಿ ಬಂದಿದೆ. ಹೊಸ ಚಿತ್ರ ಸೋಲುವ ಲಕ್ಷಣವಿದೆ. ‘ಆಧುನಿಕಾ’ ಎಂಬ ಮಹಿಳಾ ಪತ್ರಿಕೆಯ ಸಂಪಾದಕಿ ಅದಿತಿ ಊಟದ ಬೋಗಿಯಲ್ಲಿ ಅವನನ್ನು ಮಾತಿಗೆಳೆಯುತ್ತಾಳೆ. ಸಂದರ್ಶನವಾಗಿ ಮೊದಲಾದದ್ದು ಕ್ರಮೇಣ ತಪ್ಪೊಪ್ಪಿಗೆಯಾಗುತ್ತದೆ.

ಅವನನ್ನು ಬಾಧಿಸುವವರು ಮುಖ್ಯವಾಗಿ ಮೂವರು. ಸಿನೆಮಾ ನಟನು ಅನ್ಯರ ಕೈಗೊಂಬೆಯೆಂದು ನಂಬಿದ್ದ ನಾಟಕಗುರು ಶಂಕರ್‌ದಾ ದುರ್ಗಾಪೂಜೆಯ ವಿಸರ್ಜನೆಯ ವೇಳೆ ಮಡಿದ ಬಳಿಕವೇ ಅರಿಂದಮನು ಚಿತ್ರರಂಗವನ್ನು ಸೇರುತ್ತಾನೆ. ಹಿರಿಯ ನಟ ಮುಕುಂದ ಲಾಹಿರಿಯದು ಏರುದನಿಯ ಅಭಿನಯ. ಹೊಸಬನನ್ನು ಹೀಯಾಳಿಸಿದ ಆತನೇ ಮುಂದೆ ಚಿಕ್ಕದೊಂದು ಪಾತ್ರ ಬೇಡಿ ಅವನ ಬಾಗಿಲಿಗೆ ಬರುತ್ತಾನೆ. ಮುಷ್ಕರನಿರತ ಕಾರ್ಮಿಕರೊಡನೆ ಎರಡು ಮಾತಾಡೆಂದು ಕೇಳಿದ ಗೆಳೆಯ ಬೀರೇಶ್‌ಗೂ ಅವನು ಒದಗಲಿಲ್ಲ. ಇವು ಖಾಸಗಿ ದುಃಖಗಳೇ ಸರಿ. ಆದರೆ ೧೯೩೧ರಲ್ಲಿ ಬಂಗಾಳಿ ವಾಕ್ಚಿತ್ರ ಆರಂಭವಾದ ಮೇಲೆ, ದೂರದ ಪ್ರೇಕ್ಷಕನಿಗೆ ಕೇಳಿಸಬೇಕಾಗಿದ್ದ ರಂಗದ ಕಂಠವು ಧ್ವನಿಗ್ರಾಹಕದ ಮುಂದೆ ಹಳತಾದ ಸಂಗತಿ ಮುಕುಂದನ ಪತನದಲ್ಲಿ ಅಡಗಿದೆ. ಅರಿಂದಮನನ್ನು ಅಭಿನಯಿಸಿದ ಉತ್ತಮ್ ಕುಮಾರರೂ (೧೯೨೬–೧೯೮೦) ಕಲ್ಕತ್ತೆ ಬಂದರಿನ ಕಚೇರಿಯ ಗುಮಾಸ್ತಿಕೆಯಿಂದ ಬಂದವರು. ಅವರ ಆರಂಭದ ಚಿತ್ರಗಳು ಸೋತಿದ್ದವು. ಇಲ್ಲಿ ಪಾತ್ರವೆಲ್ಲಿ ಮುಗಿದು ನಟನೆಲ್ಲಿ ತೊಡಗುತ್ತಾನೆಂದು ಗೆರೆ ಎಳೆಯುವುದು ಕಷ್ಟ. (ರೈಲಿನ ಬೋಗಿಯನ್ನು ಮಾತ್ರ ಬನ್ಸಿ ಚಂದ್ರಗುಪ್ತರು ಸ್ಟುಡಿಯೋದಲ್ಲಿ ಕಟ್ಟಿದ್ದರು!)

ನಮ್ಮನ್ನು ಬಹುಕಾಲ ಕಾಡಿದ್ದು ಕೊನೆಯ ಭಾಗ. ರಾತ್ರಿ ಕುಡಿದು ಕುಸಿದ ನಾಯಕನನ್ನು ಕಂಡ ಅದಿತಿ ಮರುದಿನ ತನ್ನ ಟಿಪ್ಪಣಿಗಳನ್ನು ಹರಿದುಹಾಕುತ್ತಾಳೆ. ನೆನಪಿನಿಂದ ಬರೆಯುವಿರೇನೆಂದು ಅವನು ಕೇಳಿದಾಗ, ಮನಸ್ಸಿನಲ್ಲೇ ಇರಿಸಿಕೊಳ್ಳುವೆನೆಂಬುದು ಅವಳ ಉತ್ತರ. ಚೂರು ಕಾಗದವನ್ನೂ ಕಾಪಾಡಿರೆಂದು ತರಗತಿಯಲ್ಲಿ ಉಪದೇಶಿಸುವ ನಮಗೆ ಇದು ಮೊದಲು ಅಪರಾಧವಾಗಿಯೇ ತೋರಿತು. ಶಂಕರ್‌ದಾ, ಮುಕುಂದರ ವಿಷಯಕ್ಕೆ ಅಷ್ಟು ನೇರವಾದ ಸಾಕ್ಷ್ಯ ಮತ್ತೆಲ್ಲಿ ದೊರೆತೀತು? ಆದರೆ ಆ ಸಾಕ್ಷಿ ನುಡಿದದ್ದು ಪತ್ರಿಕೆಗಲ್ಲ, ಕೇಳುವ ಒಂದು ಜೀವಕ್ಕೆ. ಅದಿತಿಯ ನಿರ್ಧಾರ ಸರಿಯೆಂದೇ ಈಗ ನಮ್ಮ ಅಭಿಪ್ರಾಯ. ದೆಹಲಿಯ ನಿಲ್ದಾಣದಲ್ಲಿ ಅಭಿಮಾನಿಗಳು ಮುತ್ತುತ್ತಾರೆ. ಕಪ್ಪು ಕನ್ನಡಕದ ಹಿಂದೆ ಅರಿಂದಮನ ಕಣ್ಣುಗಳು ಮತ್ತೆ ಮರೆಯಾಗಿವೆ.