ಕ್ಯೂಬಾ ಸಿಗಾರ್: ರುಚಿ ನೋಡೋದು ಹೇಗೆ? ಅಂಗಡಿಗೆ ಬಂದ ಬಾಕ್ಸ್ ಅಸಲಿಯೋ ನಕಲಿಯೋ? ಇಲ್ಲಿದೆ ಪೂರ್ತಿ ಮಾಹಿತಿ

ಕೊಡಿಗೇಹಳ್ಳಿ: ಏರ್‌ಪೋರ್ಟ್ ರೋಡ್‌ಗೆ ಹತ್ತಿರವಿರುವ ಕೊಡಿಗೇಹಳ್ಳಿ, ಸಹಕಾರನಗರ, ಹೆಬ್ಬಾಳ ಭಾಗದಲ್ಲಿ ವಿದೇಶಕ್ಕೆ ಹೋಗಿ ಬರುವವರಿಗೆ ಕೊರತೆಯಿಲ್ಲ. ಬರುವಾಗ ಚಾಕೊಲೇಟ್, ಸೆಂಟ್ ಜತೆಗೆ ಕೆಲವರು ಒಂದು ಮರದ ಡಬ್ಬಿಯನ್ನೂ ತರುತ್ತಾರೆ. ಅದೇ ಕ್ಯೂಬಾ ಸಿಗಾರ್. ಮದುವೆ ಪಾರ್ಟಿಗೆ, ಬಾಸ್‌ಗೆ ಗಿಫ್ಟ್ ಕೊಡೋಕೆ ಇದನ್ನು ಹುಡುಕುವವರೂ ಇದ್ದಾರೆ. "ಅಣ್ಣಾ, ಒರಿಜಿನಲ್ ಕ್ಯೂಬನ್, ಅರ್ಧ ರೇಟು, ಇಟ್ಕೊಳ್ಳಿ" ಎಂದು ಅಂಗಡಿ ಕೌಂಟರ್ ಮೇಲೆ ಬಾಕ್ಸ್ ತಂದಿಟ್ಟರೆ ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಆ ಸಿಗಾರ್ ಅಂದ್ರೆ ಏನು, ಅದಕ್ಕೆ ಅಷ್ಟು ಬೆಲೆ ಯಾಕೆ, ತಿಳಿದವರು ಅದರಲ್ಲಿ ಏನು ನೋಡುತ್ತಾರೆ ಎನ್ನುವುದು ಗೊತ್ತಿರಬೇಕು. ಸೇದದವರೂ ಇದನ್ನು ತಿಳಿದಿದ್ದರೆ ಮೋಸ ಹೋಗುವುದು ತಪ್ಪುತ್ತದೆ.

ಹುಣಸೂರಿನ ಹೊಗೆಸೊಪ್ಪು ಬೇರೆ, ಕ್ಯೂಬಾದ್ದು ಬೇರೆ

ಹೊಗೆಸೊಪ್ಪು ಕರ್ನಾಟಕಕ್ಕೆ ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು. ಅದನ್ನು ಬ್ಯಾರನ್‌ಗಳಲ್ಲಿ ಕೊಳವೆ ಮೂಲಕ ಶಾಖ ಹಾಯಿಸಿ ಕೆಲವೇ ದಿನಗಳಲ್ಲಿ ಹದ ಮಾಡುತ್ತಾರೆ. ಎಲೆ ಹಳದಿಯಾಗುತ್ತದೆ, ಸಕ್ಕರೆ ಅಂಶ ಒಳಗೇ ಉಳಿಯುತ್ತದೆ. ಆಮೇಲೆ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಬರುತ್ತದೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರುವಾಸಿ.

ಸಿಗಾರ್ ಎಲೆಗೆ ಬೆಂಕಿಯ ಶಾಖ ಕೊಟ್ಟು ಅವಸರ ಮಾಡುವುದಿಲ್ಲ. ಗಾಳಿಯಾಡುವ ದೊಡ್ಡ ಕೊಟ್ಟಿಗೆಯಲ್ಲಿ ಕೋಲುಗಳಿಗೆ ತೂಗುಹಾಕಿ ಸುಮಾರು 50 ದಿನ ಒಣಗಿಸುತ್ತಾರೆ. ಹಸಿರು ಹೋಗಿ ಕಂದು ಬರುತ್ತದೆ, ಸಕ್ಕರೆ ಬಹುಪಾಲು ಕರಗುತ್ತದೆ. ಬಳಿಕ ಎಲೆಗಳನ್ನು ರಾಶಿ ಹಾಕಿ ಹುದುಗಲು ಬಿಡುತ್ತಾರೆ. ಗೊಬ್ಬರದ ಗುಂಡಿ ಒಳಗೊಳಗೇ ಬಿಸಿಯಾಗುವ ಹಾಗೆ ಈ ರಾಶಿಯೂ ಬಿಸಿಯಾಗುತ್ತದೆ. ಘಾಟು, ಅಮೋನಿಯಾ ಹೊರಗೆ ಹೋಗುತ್ತದೆ. ಆಮೇಲೂ ಎಲೆಯನ್ನು ತಿಂಗಳುಗಟ್ಟಲೆ, ಕೆಲವನ್ನು ಎರಡು ವರ್ಷಕ್ಕೂ ಮೇಲ್ಪಟ್ಟು ಮಾಗಿಸುತ್ತಾರೆ.

ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ವುಯೆಲ್ತಾ ಅಬಾಹೊ ಎಂಬ ಕೆಂಪು ಮಣ್ಣಿನ ಪ್ರದೇಶವಿದೆ. ಅತಿ ಹೆಸರಾದ ಎಲೆ ಬರುವುದು ಅಲ್ಲಿಂದ. 2022ರ ಸೆಪ್ಟೆಂಬರ್‌ನಲ್ಲಿ ಇಯನ್ ಚಂಡಮಾರುತ ಅಲ್ಲಿಗೆ ಬಡಿದಾಗ ಎಲೆ ಒಣಗಿಸುವ ಸಾವಿರಾರು ಕೊಟ್ಟಿಗೆಗಳು ನೆಲಕ್ಕುರುಳಿದವು. ಬೆಲೆ ಏರಿಕೆಗೆ ಇದೂ ಒಂದು ಕಾರಣ.

ಒಂದು ಸಿಗಾರ್‌ನೊಳಗೆ ಏನಿದೆ?

ಸಿಗರೇಟಿನಲ್ಲಿ ಇರುವುದು ಕತ್ತರಿಸಿದ ತಂಬಾಕು ಮತ್ತು ಕಾಗದ. ಕ್ಯೂಬಾದ ಒಳ್ಳೆಯ ಸಿಗಾರ್‌ನಲ್ಲಿ ಕಾಗದ ಇಲ್ಲ, ಫಿಲ್ಟರ್ ಇಲ್ಲ. ತುದಿಯಿಂದ ತುದಿವರೆಗೆ ಬರೀ ಉದ್ದನೆಯ ಎಲೆ.

- ಒಳತುಂಬು: ಗಿಡದ ಕೆಳಭಾಗದ ಎಲೆ 'ವೊಲಾದೊ' ಚೆನ್ನಾಗಿ ಉರಿಯುತ್ತದೆ. ನಡುಭಾಗದ 'ಸೆಕೊ' ಪರಿಮಳ ಕೊಡುತ್ತದೆ. ಮೇಲೆ ಬಿಸಿಲಿಗೆ ಒಡ್ಡಿಕೊಂಡ 'ಲಿಹೆರೊ' ದಪ್ಪ, ಖಾರ. ಇದೇ ನಿಧಾನವಾಗಿ ಉರಿಯುವುದು, ಹೆಚ್ಚು ಮಾಗಬೇಕಾದದ್ದು.
- ಕಟ್ಟು ಎಲೆ: ಒಳತುಂಬನ್ನು ಬಿಗಿಯಾಗಿ ಹಿಡಿದಿಡುವ ಎಲೆ.
- ಹೊದಿಕೆ ಎಲೆ: ಕಣ್ಣಿಗೆ ಕಾಣುವ, ರೇಷ್ಮೆಯಂಥ ನಯದ ಹೊರ ಎಲೆ. ಈ ಗಿಡಗಳನ್ನು ಹೊಲದಲ್ಲಿ ತೆಳು ಬಟ್ಟೆಯ ಚಪ್ಪರದಡಿ ಬೆಳೆಸುತ್ತಾರೆ.

ಈ ಮೂರನ್ನೂ ಮರದ ಹಲಗೆಯ ಮೇಲೆ ಇಟ್ಟು, ಅರ್ಧಚಂದ್ರದಂಥ ಒಂದು ಬ್ಲೇಡ್ ಹಿಡಿದು ಕೈಯಲ್ಲೇ ಸುತ್ತುತ್ತಾರೆ. ಅಲ್ಲಿನ ಕಾರ್ಖಾನೆಗಳಲ್ಲಿ ಒಂದು ಹಳೇ ಪದ್ಧತಿಯಿದೆ. ಕೆಲಸಗಾರರು ಸಿಗಾರ್ ಸುತ್ತುತ್ತಿದ್ದರೆ ಎತ್ತರದ ಪೀಠದ ಮೇಲೆ ಕೂತ ಒಬ್ಬರು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದಿ ಹೇಳುತ್ತಾರೆ. 1865ರಲ್ಲಿ ಹವಾನಾದಲ್ಲಿ ಶುರುವಾದ ಪದ್ಧತಿ ಇದು. 1935ರ 'ಮಾಂಟೆಕ್ರಿಸ್ಟೊ' ಬ್ರ್ಯಾಂಡ್‌ಗೆ ಹೆಸರು ಬಂದಿದ್ದು ಹೀಗೆ ಓದಿ ಹೇಳುತ್ತಿದ್ದ ಡ್ಯೂಮಾ ಕಾದಂಬರಿಯಿಂದ ಎನ್ನುತ್ತಾರೆ.

ನಮ್ಮ ಪಕ್ಕದ ರಾಜ್ಯಕ್ಕೂ ಈ ಕಥೆಯಲ್ಲಿ ಜಾಗ ಇದೆ. ಹಿರಿಯರಿಗೆ ಗೊತ್ತಿರುವ ಚುಟ್ಟಾ, ತಮಿಳರ 'ಸುರುಟ್ಟು'. ಇಂಗ್ಲಿಷಿನ 'ಚೆರೂಟ್' ಪದ ಹುಟ್ಟಿದ್ದೇ ಅದರಿಂದ. ಬ್ರಿಟಿಷರ ಕಾಲದಲ್ಲಿ ತಿರುಚಿರಾಪಳ್ಳಿಯ ಚೆರೂಟ್ ಲಂಡನ್‌ವರೆಗೂ ಹೋಗುತ್ತಿತ್ತು.

ರುಚಿ ನೋಡುವವರು ಏನು ನೋಡುತ್ತಾರೆ?

ಫಿಲ್ಟರ್ ಕಾಫಿ ಪ್ರಿಯರು ಡಿಕಾಕ್ಷನ್ ವಾಸನೆಯಲ್ಲೇ ಚಿಕೋರಿ ಎಷ್ಟು ಬೆರೆಸಿದ್ದಾರೆ ಅಂತ ಹೇಳ್ತಾರಲ್ಲ, ಇದೂ ಹಾಗೇ. ಹಂತಗಳು ಇಷ್ಟು.

1. ಕಣ್ಣು ಮತ್ತು ಕೈ: ಹೊದಿಕೆ ಎಲೆಗೆ ಸಣ್ಣ ಎಣ್ಣೆ ಹೊಳಪು ಇರಬೇಕು. ದಪ್ಪ ನರ, ಬಿರುಕು ಇರಬಾರದು. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ತುಸು ಅದುಮಿ ಮತ್ತೆ ಮೇಲೇಳಬೇಕು. ಸದ್ದು ಮಾಡಿ ಪುಡಿಯಾದರೆ ಒಣಗಿದೆ, ಮೆತ್ತಗೆ ಒಳಗೇ ಉಳಿದರೆ ತೇವ ಹೆಚ್ಚಾಗಿದೆ.
2. ಹಚ್ಚುವ ಮೊದಲಿನ ವಾಸನೆ: ಒಣ ಹುಲ್ಲು, ಚರ್ಮ, ಮರ, ಕೋಕೋ ಇಂಥ ವಾಸನೆ ಸಿಗುತ್ತದೆ. ಅಮೋನಿಯಾ ಮೂಗಿಗೆ ಹೊಡೆದರೆ ಎಲೆ ಇನ್ನೂ ಮಾಗಿಲ್ಲ.
3. ಕತ್ತರಿಸುವುದು: ಬಾಯಿಗಿಡುವ ತುದಿ ಮುಚ್ಚಿರುತ್ತದೆ. ಆ ಟೋಪಿಯ ಅಂಚನ್ನು ಮಾತ್ರ ಹರಿತವಾದ ಕಟರ್‌ನಿಂದ ತೆಗೆಯುತ್ತಾರೆ. ಕೆಳಗೆ ಕತ್ತರಿಸಿದರೆ ಹೊದಿಕೆ ಬಿಚ್ಚಿಕೊಳ್ಳುತ್ತದೆ.
4. ಹಚ್ಚುವುದು: ಪೆಟ್ರೋಲ್ ಲೈಟರ್, ಮೇಣದ ಬತ್ತಿ ಬಳಸಿದರೆ ಅದರ ವಾಸನೆಯೇ ಉಳಿಯುತ್ತದೆ. ವಾಸನೆಯಿಲ್ಲದ ಗ್ಯಾಸ್ ಲೈಟರ್ ಅಥವಾ ಮರದ ಕಡ್ಡಿ ಬಳಸಿ, ಮೊದಲು ತುದಿಯನ್ನು ದೂರದಿಂದ ಬಿಸಿ ಮಾಡಿ ಆಮೇಲೆ ಹಚ್ಚುತ್ತಾರೆ.
5. ಮೂರು ಭಾಗ: ಮೊದಲ ಮೂರನೇ ಒಂದು ಭಾಗ ಸೌಮ್ಯ, ನಡುಭಾಗದಲ್ಲಿ ಪರಿಮಳ ತುಂಬುತ್ತದೆ, ಕೊನೆಯದು ಖಾರ, ಕಹಿ. ನಿಮಿಷಕ್ಕೆ ಒಂದು ಸಲ ಎಳೆಯುವುದು ರೂಢಿ. ಅವಸರ ಮಾಡಿದರೆ ಬಿಸಿಯಾಗಿ ಕಹಿಯೇ ಉಳಿಯುತ್ತದೆ.

ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿ ಹಿಡಿದು ಬಿಡುತ್ತಾರೆ. 'ಹಾಗಾದರೆ ಅಪಾಯ ಇಲ್ಲ' ಎಂಬ ಮಾತು ಇಲ್ಲಿಂದಲೇ ಹುಟ್ಟಿದ್ದು. ಅದು ತಪ್ಪು. ಸಿಗಾರ್ ಹೊಗೆ ಕ್ಷಾರೀಯವಾಗಿರುವುದರಿಂದ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತ ಸೇರುತ್ತದೆ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರ್‌ಗೆ ಇದು ಕಾರಣ. ಬೆಲೆ ಹೆಚ್ಚಾದ ಮಾತ್ರಕ್ಕೆ ಹೊಗೆಯ ವಿಷ ಕಡಿಮೆಯಾಗದು.

ಇಡುವುದೇ ಕಷ್ಟದ ಕೆಲಸ

ಸಿಗಾರ್‌ಗೆ 16ರಿಂದ 18 ಡಿಗ್ರಿ ಉಷ್ಣಾಂಶ, ಗಾಳಿಯಲ್ಲಿ ಶೇ 65ರಿಂದ 70 ತೇವಾಂಶ ಬೇಕು. ಅದಕ್ಕೇ 'ಹ್ಯುಮಿಡಾರ್' ಎಂಬ ಪೆಟ್ಟಿಗೆ ಇರುವುದು. ಅದರ ಒಳಗೆ ಹಾಕುವ ಸ್ಪ್ಯಾನಿಷ್ ಸೀಡರ್ ಮರ ಹೆಸರಿಗೆ ಸೀಡರ್ ಅಷ್ಟೇ, ಸಸ್ಯಶಾಸ್ತ್ರದ ಪ್ರಕಾರ ನಮ್ಮ ಬೇವಿನ ಕುಟುಂಬದ್ದು. ಬೆಂಗಳೂರಿನ ಫೆಬ್ರವರಿ–ಮಾರ್ಚ್ ಒಣಹವೆಯಲ್ಲಿ ಹೊರಗಿಟ್ಟರೆ ಸಿಗಾರ್ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮನೆ ಫ್ರಿಜ್‌ನಲ್ಲಿಟ್ಟರೆ ಒಣಗುವುದಲ್ಲದೆ ಸಾಂಬಾರ್ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಅಗರಬತ್ತಿ, ಸೋಪು, ನುಸಿಗುಳಿಗೆ ಪಕ್ಕ ಇಟ್ಟರೂ ಅದೇ ಗತಿ.

ಕಿರಾಣಿ ಅಂಗಡಿಯವರಿಗೆ ಇನ್ನೊಂದು ಪರಿಚಿತ ಶತ್ರು ಇದೆ. ಹಳೇ ಧನಿಯ, ಅರಿಶಿನ ಕೊಂಬು, ಒಣಮೆಣಸಿನಕಾಯಿಯಲ್ಲಿ ಸಣ್ಣ ತೂತು ಕೊರೆಯುವ ಕಂದು ಹುಳು ಇದೆಯಲ್ಲ, ಸಿಗಾರ್ ಕೊರೆಯುವುದೂ ಅದೇ. ಅದರ ಇಂಗ್ಲಿಷ್ ಹೆಸರೇ 'ಸಿಗರೇಟ್ ಬೀಟಲ್'. ಸಿಗಾರ್ ಮೇಲೆ ಸೂಜಿ ಚುಚ್ಚಿದಂಥ ದುಂಡಗಿನ ತೂತು ಕಂಡರೆ ಬಾಕ್ಸ್‌ನ ಉಳಿದವುಗಳಿಗೂ ಅಪಾಯ.

ಅಸಲಿಯೋ ನಕಲಿಯೋ?

ಕ್ಯೂಬಾ ಸಿಗಾರ್‌ಗಳ ಜಾಗತಿಕ ಮಾರಾಟ 1994ರಲ್ಲಿ ಶುರುವಾದ 'ಹಬಾನೋಸ್ ಎಸ್.ಎ.' ಕಂಪನಿಯ ಕೈಯಲ್ಲಿದೆ. ಬಾಕ್ಸ್ ನೋಡುವಾಗ ಗಮನಿಸಬೇಕಾದ್ದು:

- ಗಾಜಿನ ಅಥವಾ ಪ್ಲಾಸ್ಟಿಕ್ ಮುಚ್ಚಳದ 'ಕೊಹಿಬಾ' ಬಾಕ್ಸ್ ಅಂದರೆ ನಕಲಿ. ಪ್ರವಾಸಿಗರಿಗೆ ಹೆಚ್ಚು ಮಾರುವುದು ಇದನ್ನೇ.
- ಬಾಕ್ಸ್ ಮೇಲೆ ಹಸಿರು ಬಣ್ಣದ ಕ್ಯೂಬಾ ಸರ್ಕಾರದ ಖಾತರಿ ಚೀಟಿ ಇರಬೇಕು. ಈಚಿನವುಗಳಲ್ಲಿ ಹೊಲೊಗ್ರಾಮ್, ಬಾರ್‌ಕೋಡ್ ಇರುತ್ತದೆ. ಆ ಸಂಖ್ಯೆಯನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಬಹುದು.
- ಬಾಕ್ಸ್‌ನ ತಳದಲ್ಲಿ 'ಹಬಾನೋಸ್ ಎಸ್.ಎ.', 'ಎಚೊ ಎನ್ ಕುಬಾ' (ಕ್ಯೂಬಾದಲ್ಲಿ ತಯಾರಾದದ್ದು), 'ತೊತಾಲ್‌ಮೆಂತೆ ಆ ಮಾನೊ' (ಸಂಪೂರ್ಣ ಕೈಯಿಂದ) ಎಂದು ಸುಟ್ಟು ಒತ್ತಿದ ಅಕ್ಷರ ಇರುತ್ತದೆ. ಪಕ್ಕದಲ್ಲಿ ಕಾರ್ಖಾನೆ ಕೋಡ್, ತಿಂಗಳು–ವರ್ಷದ ಮುದ್ರೆ. ತಿಂಗಳು ಸ್ಪ್ಯಾನಿಷ್‌ನಲ್ಲಿರುತ್ತದೆ: ಜನವರಿಗೆ 'ಎನೆ', ಆಗಸ್ಟ್‌ಗೆ 'ಆಗೊ'.
- ಬಾಕ್ಸ್ ತೆರೆದರೆ ಎಲ್ಲ ಸಿಗಾರ್‌ಗಳ ಬಣ್ಣ ಹೊಂದಿಕೊಂಡಿರಬೇಕು. ಎಡದಿಂದ ಬಲಕ್ಕೆ ಗಾಢದಿಂದ ತಿಳಿಗೆ ಜೋಡಿಸುವುದು ಅಲ್ಲಿನ ಕ್ರಮ.
- ಹೆಸರು ಒಂದೇ ಆದರೂ ದೇಶ ಬೇರೆ ಇರಬಹುದು. ಅಮೆರಿಕ 1962ರಲ್ಲಿ ಕ್ಯೂಬಾ ಮೇಲೆ ನಿರ್ಬಂಧ ಹೇರಿದ ನಂತರ ಅಲ್ಲಿನ ಮಾರುಕಟ್ಟೆಗೆ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ತಯಾರಾದ 'ಕೊಹಿಬಾ' ಕೂಡ ಬಂತು. ಅದು ನಕಲಿಯಲ್ಲ, ಆದರೆ ಕ್ಯೂಬಾದ್ದೂ ಅಲ್ಲ.

ಅಸಲಿಯಾದರೂ ಮಾರಬಹುದಾ?

ಅಂಗಡಿಯವರು ಎಡವುವುದು ಇಲ್ಲೇ. ಬಾಕ್ಸ್ ಅಸಲಿ ಎಂದ ಮಾತ್ರಕ್ಕೆ ಮಾರಾಟಕ್ಕೆ ಇಡಬಹುದು ಎಂದಲ್ಲ.

ವಿದೇಶದಿಂದ ಬರುವ ಪ್ರಯಾಣಿಕರು ಬ್ಯಾಗೇಜ್ ನಿಯಮದಡಿ ಸುಂಕವಿಲ್ಲದೆ 25 ಸಿಗಾರ್‌ವರೆಗೆ ತರಬಹುದು. ಅದು ಸ್ವಂತ ಬಳಕೆಗೆ, ವ್ಯಾಪಾರಕ್ಕಲ್ಲ. ಕಾನೂನು ಪ್ರಕಾರ ಆಮದಾದ ಬಾಕ್ಸ್ ಆದರೆ ಆಮದುದಾರರ ಹೆಸರು–ವಿಳಾಸ, ಎಂ.ಆರ್.ಪಿ. ಇರಬೇಕು. ಮುಖ್ಯ ಬದಿಗಳ ಶೇ 85 ಭಾಗದಲ್ಲಿ ಭಾರತದ ಸಚಿತ್ರ ಎಚ್ಚರಿಕೆ ಇರಬೇಕು. ಈ ಎಚ್ಚರಿಕೆ ಇಲ್ಲದ ತಂಬಾಕು ಪ್ಯಾಕ್ ಮಾರಿದರೆ 2003ರ ಕೋಟ್ಪಾ ಕಾಯ್ದೆಯಡಿ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಸುಂಕ, ತೆರಿಗೆ ಎಲ್ಲ ಕಟ್ಟಿ ಬಂದ ಕ್ಯೂಬಾ ಸಿಗಾರ್ ಒಂದಕ್ಕೇ ಸಾವಿರಾರು ರೂಪಾಯಿ ಬೀಳುತ್ತದೆ. 'ಅರ್ಧ ರೇಟು' ಎಂದರೆ ಒಂದೋ ನಕಲಿ, ಇಲ್ಲವೇ ಸುಂಕ ತಪ್ಪಿಸಿ ಬಂದ ಮಾಲು. ಎರಡರಲ್ಲೂ ಸಿಕ್ಕಿಬೀಳುವವರು ಕೌಂಟರ್‌ನಲ್ಲಿ ಕೂತವರೇ.

ಕರ್ನಾಟಕದಲ್ಲಿ ನಿಯಮ ಇನ್ನೂ ಬಿಗಿ. ರಾಜ್ಯದ ತಿದ್ದುಪಡಿ ಕಾಯ್ದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದೆ. ಅದರಂತೆ:

- 21 ವರ್ಷದೊಳಗಿನವರಿಗೆ ತಂಬಾಕು ಉತ್ಪನ್ನ ಮಾರುವಂತಿಲ್ಲ. ಮೊದಲು ಇದು 18 ಇತ್ತು.
- ಶಾಲೆ, ಕಾಲೇಜುಗಳಿಂದ 100 ಮೀಟರ್ ಒಳಗೆ ಮಾರಾಟ ನಿಷೇಧ.
- ಬಿಡಿ ಸಿಗರೇಟ್ ಮಾರಾಟಕ್ಕೂ ನಿಷೇಧ. ಪ್ಯಾಕ್ ಒಡೆದು ಒಂದೊಂದೇ ಕೊಡುವ ಅಭ್ಯಾಸ ಬಿಡುವುದು ಒಳ್ಳೆಯದು.
- ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ.
- ಹುಕ್ಕಾ ಬಾರ್ ನಡೆಸಿದರೆ ಜೈಲು.

ಬಾಕ್ಸ್ ಕೌಂಟರ್‌ಗೆ ಬಂದರೆ

ಬಿಲ್ ಕೇಳಿ. ಆಮದುದಾರರ ಚೀಟಿ, ಎಂ.ಆರ್.ಪಿ., ಸಚಿತ್ರ ಎಚ್ಚರಿಕೆ ಮೂರೂ ಇದೆಯಾ ನೋಡಿ. ಒಂದು ಇಲ್ಲದಿದ್ದರೂ ವಾಪಸ್ ಕೊಟ್ಟುಬಿಡಿ. ಪರಿಚಯದವರು ತಂದರು ಎನ್ನುವ ಮುಲಾಜಿಗೆ ಬೀಳಬೇಡಿ. ಗಿಫ್ಟ್ ಆಗಿ ಬಂದಿದ್ದರೆ ಅದು ಮನೆಯಲ್ಲಿರಲಿ, ಅಂಗಡಿ ಶೆಲ್ಫ್‌ಗೆ ಬರುವುದು ಬೇಡ.

ತಂಬಾಕು ಬಿಡಬೇಕೆಂದಿರುವವರು ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬಾಯಲ್ಲಿ ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಕ್ಯಾನ್ಸರ್ ತಪಾಸಣೆ, ಚಿಕಿತ್ಸೆ ಸಿಗುತ್ತದೆ.